ಸಂಪಿನೊಳಗಿನ ಸುಣ್ಣ: ಶೇಷಾದ್ರಿಪುರಂನ ಗಡಸು ನೀರಿನ ಸುತ್ತ ಒಂದು ಸಮೀಕ್ಷೆ

ಶೇಷಾದ್ರಿಪುರಂನಲ್ಲಿ ಒಂದೇ ರಸ್ತೆಯ ಅಕ್ಕಪಕ್ಕದ ಮನೆಗಳನ್ನು ನೀರಿನ ಬಗ್ಗೆ ವಿಚಾರಿಸಿದರೆ ಉತ್ತರ ಒಂದೇ ಇರುವುದಿಲ್ಲ. ಹಳೆಯ ಹೆಂಚಿನ ಮನೆಯವರು "ನಮ್ಮದು ಕಾವೇರಿ, ಏನೂ ತೊಂದರೆಯಿಲ್ಲ" ಎನ್ನುತ್ತಾರೆ. ಪಕ್ಕದ ನಾಲ್ಕಂತಸ್ತಿನ ಕಟ್ಟಡದವರು ಸುಟ್ಟುಹೋದ ಗೀಸರ್ ಕಾಯಿಲ್, ತೂತು ಮುಚ್ಚಿಕೊಂಡ ಷವರ್, ಎಷ್ಟು ಉಜ್ಜಿದರೂ ನೊರೆ ಬಾರದ ಸಾಬೂನು, ಸ್ಟೀಲ್ ಪಾತ್ರೆಯ ಮೇಲೆ ಉಳಿಯುವ ಬಿಳಿ ಕಲೆ ಎಂದು ಪಟ್ಟಿ ಕೊಡುತ್ತಾರೆ. ಇಬ್ಬರೂ ಹೇಳುವುದು ನಿಜ. ಗಡಸು ನೀರಿನ ಚರ್ಚೆ ಈ ಊರಿನಲ್ಲಿ ದಿಕ್ಕು ತಪ್ಪುವುದು ಇಲ್ಲಿಂದಲೇ: ಬಡಾವಣೆಗೆ ಒಂದು ನೀರು ಎಂಬುದಿಲ್ಲ. ಮನೆಗೊಂದು ಸಂಪು, ಆ ಸಂಪಿನಲ್ಲಿ ದಿನಕ್ಕೊಂದು ಬೆರಕೆ. ಕಾವೇರಿ ಬಿಟ್ಟ ದಿನ ಒಂದು, ಬೋರ್ ಓಡಿಸಿದ ದಿನ ಇನ್ನೊಂದು, ಟ್ಯಾಂಕರ್ ತರಿಸಿದ ದಿನ ಮತ್ತೊಂದು.

ಕೂದಲು ಉದುರುತ್ತದೆಯೇ, ಕಿಡ್ನಿಯಲ್ಲಿ ಕಲ್ಲಾಗುತ್ತದೆಯೇ, ಸಾಫ್ಟನರ್ ಹಾಕಿಸಬೇಕೇ, ಆರ್‌ಒ ಸಾಕೇ ಎಂಬ ಪ್ರಶ್ನೆಗಳಿಗೆ ಬೇರೆಬೇರೆ ವಾದಗಳಿವೆ. ಅವನ್ನು ನೋಡುವ ಮೊದಲು ನೀರು ಹೇಗೆ ಬದಲಾಗುತ್ತ ಬಂತು ಎಂದು ತಿಳಿಯಬೇಕು.

## ಕೆರೆ, ಹೊಳೆ, ಕೊಳವೆಬಾವಿ

ಬಡಾವಣೆಗೆ ಹೆಸರು ಕೊಟ್ಟ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಅಧಿಕಾರದ ಕಾಲ 1883ರಿಂದ 1901. ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದೂ ಅದೇ ಅವಧಿಯಲ್ಲಿ. ಅಲ್ಲಿಯವರೆಗೆ ಪೇಟೆಯ ಜನ ಬಾವಿಗಳನ್ನೂ ಧರ್ಮಾಂಬುಧಿ, ಸಂಪಂಗಿಯಂಥ ಕೆರೆಗಳನ್ನೂ ನಂಬಿದ್ದರು. ಧರ್ಮಾಂಬುಧಿಯ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಶೇಷಾದ್ರಿಪುರಂನಿಂದ ನಡೆದೇ ಹೋಗುವಷ್ಟು ಹತ್ತಿರ. 1894ರ ಚಾಮರಾಜೇಂದ್ರ ಜಲಕಾಮಗಾರಿ ಅರ್ಕಾವತಿಗೆ ಅಡ್ಡಲಾದ ಹೆಸರಘಟ್ಟ ಕೆರೆಯ ನೀರನ್ನು ನಗರಕ್ಕೆ ತಂದಿತು. ಮಲ್ಲೇಶ್ವರಂನ ಜ್ಯುವೆಲ್ ಫಿಲ್ಟರ್ ಎಂಬ ಹೆಸರು ಆ ವ್ಯವಸ್ಥೆಯಿಂದ ಉಳಿದದ್ದು. ಹೆಸರಘಟ್ಟ ಸಾಲದಾದಾಗ, ಅರ್ಕಾವತಿ ಮತ್ತು ಕುಮುದ್ವತಿ ಕೂಡುವಲ್ಲಿ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಬಂತು.

ಈ ಎರಡೂ ಮಳೆ ಹರಿದು ನಿಂತ ಮೇಲ್ನೀರು. ನೆಲದೊಳಗೆ ಇಳಿದು, ಬಂಡೆಯ ಸಂದಿಯಲ್ಲಿ ವರ್ಷಗಟ್ಟಲೆ ಕೂತು ಬಂದದ್ದಲ್ಲ, ಆದ್ದರಿಂದ ಮೆದುವಾದದ್ದು. 1964ರಲ್ಲಿ ಜಲಮಂಡಳಿ ಸ್ಥಾಪನೆಯಾಯಿತು. 1974ರಲ್ಲಿ ಕಾವೇರಿ ಮೊದಲನೆಯ ಹಂತ, 1982ರಲ್ಲಿ ಎರಡನೆಯದು, 1993ರಲ್ಲಿ ಮೂರನೆಯದು ಬಂದವು. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಮಾಡಿದ ಹೊಳೆಯ ನೀರು ಅದು. ಹೀಗೆ ನೂರು ವರ್ಷ ಕೊಳಾಯಿಯಲ್ಲಿ ಬಂದದ್ದು ಮುಖ್ಯವಾಗಿ ಮೆದು ನೀರೇ. ಬಾವಿಯ ನೀರು ಪಾತ್ರೆ ತೊಳೆಯಲು, ಗಿಡಕ್ಕೆ, ಬಚ್ಚಲಿಗೆ. ಈ ವಿಂಗಡಣೆ ಹಳಬರಿಗೆ ಗೊತ್ತಿತ್ತು: ಕುಡಿಯಲು, ಬೇಳೆ ಬೇಯಿಸಲು ಸಿಹಿ ನೀರು, ಉಳಿದದ್ದಕ್ಕೆ ಸಪ್ಪೆ ನೀರು.

ವಿಂಗಡಣೆ ಕೆಟ್ಟದ್ದು ಕೊಳವೆಬಾವಿಯಿಂದ. 1966–67ರ ಬರದ ನಂತರ ಗಟ್ಟಿ ಕಲ್ಲನ್ನು ಕೊರೆಯುವ ಯಂತ್ರಗಳು ದೇಶಕ್ಕೆ ಬಂದವು. ಮುಂದಿನ ದಶಕಗಳಲ್ಲಿ ನಗರದ ನಿವೇಶನಗಳಿಗೂ ಕಾಲಿಟ್ಟವು. ಒಂಟಿ ಮನೆ ಕೆಡವಿ ಎಂಟು ಫ್ಲಾಟ್ ಕಟ್ಟಿದಾಗ ಒಂದು ಮನೆಗೆಂದು ಕೊಟ್ಟಿದ್ದ ಕಾವೇರಿ ನೀರು ಸಾಲಲಿಲ್ಲ. ಕೊರತೆಯನ್ನು ಬೋರ್ ತುಂಬಿತು. ಎರಡನ್ನೂ ಒಂದೇ ಸಂಪಿಗೆ ಬಿಡುವ ಪದ್ಧತಿ ಆಗ ಬೇರೂರಿತು. ಗಡಸು ನೀರಿನ ಗೋಳು ಬಡಾವಣೆಯ ಹುಟ್ಟಿನಿಂದ ಬಂದದ್ದಲ್ಲ, ಈ ಬೆರಕೆಯಿಂದ ಬಂದದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

## ಸುಣ್ಣದ ಕಲ್ಲಿಲ್ಲದ ಊರಲ್ಲಿ ಸುಣ್ಣ

ಗಡಸು ಎಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಲಂಡನ್ ಸುತ್ತಿನ ನೀರು ಗಡಸಾಗಲು ಅಲ್ಲಿನ ಸೀಮೆಸುಣ್ಣದ ಬಂಡೆಯೇ ಕಾರಣ. ಬೆಂಗಳೂರಿನಲ್ಲಿ ಅಂಥ ಬಂಡೆಯಿಲ್ಲ. ನಮ್ಮ ಕಾಲಡಿ ಇರುವುದು ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯ ಪೆನಿನ್ಸುಲರ್ ನೈಸ್ ಶಿಲೆ. ಹಾಗಾದರೆ ಸುಣ್ಣ ಎಲ್ಲಿಂದ?

ಒಂದು ವಿವರಣೆ ಶಿಲೆಯದು. ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಬೇರು ಮತ್ತು ಸೂಕ್ಷ್ಮಜೀವಿಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾಗುತ್ತದೆ. ಆ ನೀರು ನೈಸ್ ಶಿಲೆಯ ಫೆಲ್ಡ್‌ಸ್ಪಾರ್‌ನಿಂದ ಕ್ಯಾಲ್ಸಿಯಂ, ಕಪ್ಪು ಖನಿಜಗಳಾದ ಹಾರ್ನ್‌ಬ್ಲೆಂಡ್ ಮತ್ತು ಬಯೊಟೈಟ್‌ನಿಂದ ಮೆಗ್ನೀಸಿಯಂ ಬಿಡಿಸಿಕೊಳ್ಳುತ್ತದೆ. ಇದು ನಿಧಾನದ ಕೆಲಸ. ಆದ್ದರಿಂದ ಮೇಲಿನ ಕೆಂಪು ಮಣ್ಣಿನ ತೆರೆದ ಬಾವಿಯ ನೀರಿಗಿಂತ, ಆಳದ ಬಿರುಕಿನಲ್ಲಿ ದೀರ್ಘಕಾಲ ನಿಂತ ಬೋರ್ ನೀರು ಸಾಮಾನ್ಯವಾಗಿ ಹೆಚ್ಚು ಖನಿಜ ಹೊತ್ತಿರುತ್ತದೆ.

ಇನ್ನೊಂದು ವಿವರಣೆ ನಗರದ್ದು. ಸೋರುವ ಒಳಚರಂಡಿ ಹಳೆಯ ಬಡಾವಣೆಗಳ ನೆಲಕ್ಕೆ ನೀರಿನ ಜೊತೆ ಉಪ್ಪನ್ನೂ ಇಳಿಸುತ್ತದೆ. ಚರಂಡಿಯ ಸಾವಯವ ಕೊಳೆ ನೆಲದೊಳಗೆ ಕರಗುವಾಗಲೂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ, ಶಿಲೆಯ ಕರಗುವಿಕೆ ಚುರುಕಾಗುತ್ತದೆ. ಕೆಡವಿದ ಕಟ್ಟಡಗಳ ಗಾರೆ, ಸಿಮೆಂಟುಗಳೂ ಕ್ಯಾಲ್ಸಿಯಂ ಕೊಡುತ್ತವೆ. ಈ ಎರಡು ಕಾರಣಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದು ಒಂದೊಂದು ಬೋರಿಗೆ ಒಂದೊಂದು ರೀತಿ. ಆದರೆ ಎರಡನೆಯದರ ಬೆನ್ನಿಗೇ ಬರುವ ಒಂದು ವಸ್ತುವಿದೆ, ನೈಟ್ರೇಟ್. ಅದು ಕಲೆ ಮಾಡುವುದಿಲ್ಲ, ರುಚಿ ಕೆಡಿಸುವುದಿಲ್ಲ, ಗೀಸರ್ ಸುಡುವುದಿಲ್ಲ. ಹೀಗಾಗಿ ಅದರ ಬಗ್ಗೆ ದೂರೂ ಇಲ್ಲ. ಹಸುಗೂಸಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸಬಲ್ಲ ವಸ್ತುವನ್ನು ಬಿಟ್ಟು ಕಣ್ಣಿಗೆ ಬಿದ್ದ ಬಿಳಿ ಪದರದ ಬೆನ್ನು ಹತ್ತುವುದು ನಮ್ಮ ಈ ಚರ್ಚೆಯ ದೊಡ್ಡ ಕೊರತೆ.

## ಅಳತೆಯ ಗೊಂದಲ

ಮನೆಗೆ ಬರುವ ಫಿಲ್ಟರ್ ಮಾರಾಟಗಾರರು ಪೆನ್ನಿನಂಥ ಟಿಡಿಎಸ್ ಮೀಟರನ್ನು ಲೋಟದಲ್ಲಿ ಅದ್ದಿ ಸಂಖ್ಯೆ ತೋರಿಸುತ್ತಾರೆ. ಆ ಸಂಖ್ಯೆ ಗಡಸುತನವಲ್ಲ. ಅದು ನೀರಿನ ವಿದ್ಯುತ್ ವಾಹಕತೆಯಿಂದ ಅಂದಾಜಿಸಿದ ಒಟ್ಟು ಕರಗಿದ ಲವಣ. ಅಡುಗೆ ಉಪ್ಪು ಕಲಸಿದರೂ ಏರುತ್ತದೆ. ಗಡಸುತನವನ್ನು ಪ್ರಯೋಗಾಲಯದಲ್ಲಿ ಇಡಿಟಿಎ ದ್ರಾವಣ ಬಳಸಿ ಅಳೆಯುತ್ತಾರೆ, ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ಬರೆಯುತ್ತಾರೆ. ಭಾರತೀಯ ಮಾನಕ 10500ರ 2012ರ ಆವೃತ್ತಿಯ ಪ್ರಕಾರ ಕುಡಿಯುವ ನೀರಿಗೆ 200 ಮಿ.ಗ್ರಾಂ. ಒಪ್ಪಿತ ಮಿತಿ, ಬೇರೆ ನೀರು ಇಲ್ಲದ ಕಡೆ 600ರವರೆಗೆ ಸಹನೀಯ. ನೈಟ್ರೇಟ್‌ಗೆ 45, ಅಲ್ಲಿ ಸಡಿಲಿಕೆಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ನೆಲೆಯಲ್ಲಿ ಯಾವ ಮಿತಿಯನ್ನೂ ಹಾಕಿಲ್ಲ.

ಎರಡು ಮಿತಿಗಳ ನಡುವಿನ ಈ ಅಗಲದಲ್ಲೇ ಜಗಳ. 350 ಬಂದ ಮನೆಗೆ ಮಾರಾಟಗಾರ "ಮಿತಿ ಮೀರಿದೆ" ಎನ್ನಬಹುದು, ಅಧಿಕಾರಿ "ಮಿತಿಯೊಳಗಿದೆ" ಎನ್ನಬಹುದು; ಇಬ್ಬರ ಕೈಯಲ್ಲೂ ಅದೇ ಪುಸ್ತಕ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹಳೆಯದು. ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್ 19ನೆಯ ಶತಮಾನದ ನಡುವಿನಲ್ಲಿ ಸಾಬೂನಿನ ದ್ರಾವಣ ಎಷ್ಟು ಹಾಕಿದರೆ ನೊರೆ ನಿಲ್ಲುತ್ತದೆ ಎಂಬುದರಿಂದಲೇ ಗಡಸುತನ ಅಳೆದ. ಒಂದು ಬಾಟಲಿಯಲ್ಲಿ ಹಿಡಿದಿಟ್ಟ ಮಳೆನೀರು, ಇನ್ನೊಂದರಲ್ಲಿ ಸಂಪಿನ ನೀರು, ಎರಡಕ್ಕೂ ಅಷ್ಟಷ್ಟೇ ಸಾಬೂನು ಹಾಕಿ ಕುಲುಕಿದರೆ ವ್ಯತ್ಯಾಸ ಕಣ್ಣೆದುರಿಗೆ ಬರುತ್ತದೆ. ಕಾವೇರಿ ಬಂದ ದಿನ ಒಮ್ಮೆ, ಬೋರ್ ಓಡಿದ ದಿನ ಒಮ್ಮೆ ಮಾಡಬೇಕು.

## ಬಚ್ಚಲು, ಅಡುಗೆಮನೆ, ತಾರಸಿ

ಇಲ್ಲಿ ಹೆಚ್ಚು ಭಿನ್ನಮತವಿಲ್ಲ, ರಸಾಯನಶಾಸ್ತ್ರ ಸ್ಪಷ್ಟವಾಗಿದೆ. ಬೈಕಾರ್ಬೊನೇಟ್ ರೂಪದ ಗಡಸುತನ ತಾತ್ಕಾಲಿಕ: ನೀರು ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಪದರವಾಗಿ ಕೂರುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ. ಈ ಸುಣ್ಣ ಮಾತ್ರ ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಹಾಗಾಗಿ ಅದು ಮೊದಲು ಹಿಡಿಯುವುದು ಅತಿ ಬಿಸಿಯಾದ ಜಾಗವನ್ನು, ಅಂದರೆ ಗೀಸರ್ ಕಾಯಿಲನ್ನು. ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ, ಕಾಯಿಲ್ ಒಳಗೇ ಕಾದು ಸುಡುತ್ತದೆ. ಗೀಸರಿನ ಉಷ್ಣಾಂಶದ ಗುಬುಟನ್ನು ತಗ್ಗಿಸಿಟ್ಟರೆ ಪದರ ನಿಧಾನವಾಗುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ಬಹಳ ಜನ ಮಾಡುವುದಿಲ್ಲ. ಹಿಂದಿನ ತಾಮ್ರದ ಹಂಡೆಗೂ ಪದರ ಕಟ್ಟುತ್ತಿತ್ತು. ಆದರೆ ಅದರ ಬಾಯಿ ತೆರೆದಿತ್ತು, ಹುಣಸೆಹಣ್ಣು ಹಚ್ಚಿ ಉಜ್ಜಿದರೆ ಹೋಗುತ್ತಿತ್ತು. ಹುಣಸೆಯ ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಮುಚ್ಚಿದ ಗೀಸರಿನೊಳಗೆ ಕೈ ಹೋಗುವುದಿಲ್ಲ.

ತಾರಸಿಯ ಸೋಲಾರ್ ಬೆಂಗಳೂರಿಗೆ ವಿಶೇಷವಾದ ಅಧ್ಯಾಯ. ಹೊಸ ಮನೆಗಳಿಗೆ ಸೌರ ಹೀಟರ್ ಕಡ್ಡಾಯವಾದ ಮೇಲೆ ಇಷ್ಟು ಸೋಲಾರ್ ಇರುವ ನಗರ ದೇಶದಲ್ಲಿ ಅಪರೂಪ. ಚಪ್ಪಟೆ ಫಲಕದ ಮಾದರಿಯಲ್ಲಿ ನೀರು ಸಣ್ಣ ತಾಮ್ರದ ಕೊಳವೆಗಳಲ್ಲಿ ಹರಿಯುತ್ತದೆ. ಗಡಸು ನೀರಿಗೆ ಅವು ಕಟ್ಟಿಕೊಳ್ಳುತ್ತವೆ. ಗಾಜಿನ ಕೊಳವೆಯ ಮಾದರಿ ಹೆಚ್ಚು ತಾಳುತ್ತದೆ. ಫಲಕವೇ ಬೇಕೆಂದರೆ ಸುತ್ತುವ ನೀರು ಬೇರೆ, ಬಳಸುವ ನೀರು ಬೇರೆ ಇರುವ ಶಾಖ ವಿನಿಮಯದ ವ್ಯವಸ್ಥೆ ಸೂಕ್ತ.

ಸಾಬೂನಿನ ಕಥೆಯೂ ಇಷ್ಟೇ ನೇರ. ಬೆಂಗಳೂರು ಸಾಬೂನಿನ ಊರು. ಸರ್ಕಾರಿ ಸಾಬೂನು ಕಾರ್ಖಾನೆ ಇಲ್ಲಿ ಒಂದು ಶತಮಾನಕ್ಕೂ ಹಿಂದೆಯೇ ಶುರುವಾಯಿತು. ಎಣ್ಣೆಯಿಂದ ಮಾಡಿದ ಯಾವ ಸಾಬೂನಾದರೂ ಕ್ಯಾಲ್ಸಿಯಂ ಕಂಡ ಕೂಡಲೇ ಕರಗದ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿನ ಬೂದು ಗೆರೆ, ಬಿಳಿ ಪಂಚೆ ಮಾಸಿದಂತೆ ಕಾಣುವುದು, ತೊಳೆದ ಕೂದಲು ಅಂಟಂಟಾಗುವುದು ಆ ಗಸಿಯಿಂದಲೇ. ಡಿಟರ್ಜೆಂಟ್ ಪುಡಿ ಮನೆಮನೆಗೆ ಬಂದದ್ದಕ್ಕೆ ಒಂದು ಕಾರಣ ಅದು ಗಡಸು ನೀರಿನಲ್ಲೂ ಕೆಲಸ ಮಾಡುವುದು. ಅದಕ್ಕಿಂತ ಹಿಂದೆಯೇ ನಮ್ಮಲ್ಲಿ ಸೀಗೆಕಾಯಿ, ಅಂಟುವಾಳ ಇದ್ದವು. ಅವುಗಳ ನೊರೆ ಸಪೋನಿನ್‌ನಿಂದ ಬರುವುದರಿಂದ ಸಾಬೂನಿನಂತೆ ಗಸಿ ಕಟ್ಟುವುದಿಲ್ಲ. ಬಾವಿನೀರಿನ ಕಾಲದವರ ಆಯ್ಕೆಗೆ ಗಟ್ಟಿ ಕಾರಣವಿತ್ತು.

ಅಡುಗೆಮನೆಯಲ್ಲಿ ತೊಗರಿಬೇಳೆಯೇ ಸಾಕ್ಷಿ. ಬೇಳೆಯ ಪೆಕ್ಟಿನ್ ಅನ್ನು ಕ್ಯಾಲ್ಸಿಯಂ ಬಿಗಿ ಮಾಡುತ್ತದೆ, ಬೇಳೆ ಕರಗುವುದಿಲ್ಲ, ಸಾರು ತಳದಲ್ಲೊಂದು ಮೇಲೊಂದು ಆಗುತ್ತದೆ. ಚಿಟಿಕೆ ಸೋಡಾ ಹಾಕಿದರೆ ಬೇಯುತ್ತದೆ, ಜೊತೆಗೆ ಬಿ1 ಜೀವಸತ್ವವೂ ನಾಶವಾಗುತ್ತದೆ. ಕಾಫಿ ಡಿಕಾಕ್ಷನ್ನಿನ ಹುಳಿಯನ್ನು ನೀರಿನ ಬೈಕಾರ್ಬೊನೇಟ್ ತಗ್ಗಿಸುವುದರಿಂದ ರುಚಿ ಚಪ್ಪಟೆಯಾಗುತ್ತದೆ. ಕುಡಿಯಲು, ಬೇಳೆಗೆ, ಕಾಫಿಗೆ ಕಾವೇರಿಯನ್ನು ಬೇರೆ ಹಿಡಿದಿಡುವ ಮನೆಗಳು ಇಂದಿಗೂ ಇವೆ. ಅವರ ಲೆಕ್ಕ ಸರಿಯಾಗಿದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಬಚ್ಚಲಿನ ಕಲೆಗೆ ಅಂಗಡಿಯ "ಆಸಿಡ್" ಸುರಿದು, ಅದರ ಮೇಲೆ ಬ್ಲೀಚಿಂಗ್ ಪುಡಿ ಉದುರಿಸುವವರಿದ್ದಾರೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಸಣ್ಣ ಬಚ್ಚಲುಮನೆಯಲ್ಲಿ ಅದು ಪ್ರಾಣಕ್ಕೆ ಅಪಾಯ. ನಿಂಬೆ, ವಿನೆಗರ್, ಹುಣಸೆ ನಿಧಾನವಾದರೂ ಸಾಕು.

## ಮೈಮೇಲಿನ ವಾದಗಳು

ಕಿಡ್ನಿಯಲ್ಲಿ ಕಲ್ಲು ಎಂಬ ಭಯ ಎಲ್ಲಕ್ಕಿಂತ ವ್ಯಾಪಕ. ಗೀಸರಿನಲ್ಲಿ ಕಟ್ಟುವುದು ದೇಹದಲ್ಲೂ ಕಟ್ಟುತ್ತದೆ ಎಂಬ ಊಹೆ ಸಹಜ, ಆದರೆ ಪುರಾವೆ ಅದರ ಜೊತೆಗಿಲ್ಲ. 1993ರಲ್ಲಿ ಅಮೆರಿಕದಲ್ಲಿ 45,000ಕ್ಕೂ ಹೆಚ್ಚು ಗಂಡಸರನ್ನು ಅಧ್ಯಯನ ಮಾಡಿದಾಗ ಆಹಾರದಲ್ಲಿ ಹೆಚ್ಚು ಕ್ಯಾಲ್ಸಿಯಂ ತಿಂದವರಲ್ಲೇ ಕಲ್ಲಿನ ಪ್ರಮಾಣ ಕಡಿಮೆಯಿತ್ತು. ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಬಿಡುತ್ತದೆ ಎಂಬುದು ವಿವರಣೆ. ನೀರಿನ ಗಡಸುತನಕ್ಕೂ ಕಲ್ಲಿಗೂ ನೇರ ನಂಟು ಹುಡುಕಿದ ಅಧ್ಯಯನಗಳು ಒಮ್ಮತಕ್ಕೆ ಬಂದಿಲ್ಲ. ಕಡಿಮೆ ನೀರು ಕುಡಿಯುವುದು ಕಲ್ಲಿಗೆ ದಾರಿ ಎಂಬುದರಲ್ಲಿ ಮಾತ್ರ ಒಮ್ಮತವಿದೆ.

ಹೃದಯದ ಪಂಥ ಇದಕ್ಕೆ ತೀರಾ ವಿರುದ್ಧ. 1957ರಲ್ಲಿ ಜಪಾನಿನ ಜುನ್ ಕೊಬಯಾಶಿ ನದಿ ನೀರಿನ ರಾಸಾಯನಿಕ ಗುಣಕ್ಕೂ ಪಾರ್ಶ್ವವಾಯುವಿನ ಸಾವಿಗೂ ಸಂಬಂಧ ಕಂಡರು. 1960ರಲ್ಲಿ ಅಮೆರಿಕದ ಹೆನ್ರಿ ಶ್ರೋಡರ್ ಗಡಸು ನೀರಿನ ಪ್ರದೇಶಗಳಲ್ಲಿ ಹೃದ್ರೋಗದ ಸಾವು ಕಡಿಮೆ ಎಂದರು. ನಂತರದ ಸಂಶೋಧನೆಯಲ್ಲಿ ಮೆಗ್ನೀಸಿಯಂನ ಪರ ವಾದ ಒಂದಿಷ್ಟು ಉಳಿದಿದೆ, ಕ್ಯಾಲ್ಸಿಯಂನದು ಸೊರಗಿದೆ. ಊರೂರುಗಳ ಸರಾಸರಿಯಿಂದ ವ್ಯಕ್ತಿಯ ಬಗ್ಗೆ ತೀರ್ಮಾನಿಸುವ ತೊಡಕು ಇಡೀ ಪಂಥಕ್ಕಿದೆ.

ಚರ್ಮದ ವಿಷಯ ಹೆಚ್ಚು ಸೂಕ್ಷ್ಮ. ಗಡಸು ನೀರಿನ ಪ್ರದೇಶದ ಮಕ್ಕಳಲ್ಲಿ ಎಗ್ಸಿಮಾ ಹೆಚ್ಚು ಎಂದು ಬ್ರಿಟನ್ನಿನ ಅಧ್ಯಯನಗಳು ಹೇಳಿದವು. ಹಾಗಾದರೆ ನೀರನ್ನು ಮೆದು ಮಾಡಿದರೆ ಗುಣವಾಗಬೇಕಲ್ಲ? ಅಲ್ಲೇ 336 ಮಕ್ಕಳ ಮೇಲೆ ಈ ಪ್ರಯೋಗ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು: ಮನೆಗೆ ಸಾಫ್ಟನರ್ ಹಾಕಿದ್ದರಿಂದ ಎಗ್ಸಿಮಾದಲ್ಲಿ ಹೆಚ್ಚಿನ ಗುಣ ಕಾಣಲಿಲ್ಲ. ಇರುವ ಕಾಯಿಲೆಯನ್ನು ಗುಣಪಡಿಸದಿದ್ದರೂ ಬಾರದಂತೆ ತಡೆಯಬಹುದೇ ಎಂಬ ಪ್ರಶ್ನೆ ಇನ್ನೂ ಜೀವಂತವಾಗಿದೆ. ಗಡಸು ನೀರಿನಲ್ಲಿ ತೊಳೆದ ಚರ್ಮದ ಮೇಲೆ ಡಿಟರ್ಜೆಂಟಿನ ಅಂಶ ಹೆಚ್ಚು ಉಳಿಯುತ್ತದೆ ಎಂಬುದಕ್ಕೆ ಆಧಾರವಿದೆ. ಕೂದಲಿಗೆ ಬಂದರೆ, ಒರಟಾಗುವುದು, ಸಿಕ್ಕಾಗುವುದು ನಿಜ. ಬೇರಿನಿಂದ ಉದುರಿಸುತ್ತದೆ ಎಂಬುದಕ್ಕೆ ಬಲವಾದ ಸಾಕ್ಷ್ಯವಿಲ್ಲ. ಊರಿಗೆ ಹೊಸದಾಗಿ ಬಂದವರು ಕೂದಲು ಉದುರುವುದನ್ನು ಬೆಂಗಳೂರಿನ ನೀರಿನ ತಲೆಗೆ ಕಟ್ಟುತ್ತಾರೆ. ನಿದ್ದೆಗೆಟ್ಟ ಕೆಲಸ, ಊಟದ ಏರುಪೇರು, ಥೈರಾಯ್ಡ್, ರಕ್ತಹೀನತೆಗಳನ್ನು ಮೊದಲು ನೋಡಿಸುವುದು ಒಳ್ಳೆಯದು.

## ಪರಿಹಾರದ ಮೂರು ದಾರಿ

ಸಾಫ್ಟನರ್ ಪಕ್ಷದವರದು ಯಂತ್ರದ ದಾರಿ. ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ; ಮಣಿ ತುಂಬಿದಾಗ ಉಪ್ಪುನೀರು ಹಾಯಿಸಿ ತೊಳೆಯಬೇಕು. ಗೀಸರ್, ಸೋಲಾರ್, ವಾಷಿಂಗ್ ಮೆಷಿನ್ನಿಗೆ ಇದು ನಿಜವಾಗಿ ಫಲಕಾರಿ. ಆದರೆ 300 ಮಿ.ಗ್ರಾಂ. ಗಡಸುತನ ತೆಗೆದರೆ ಲೀಟರಿಗೆ ಸುಮಾರು 138 ಮಿ.ಗ್ರಾಂ. ಸೋಡಿಯಂ ಸೇರುತ್ತದೆ. ರಕ್ತದೊತ್ತಡ ಇರುವವರ ಕುಡಿಯುವ ನೀರಿಗೆ ಇದು ಸಲ್ಲದು. ತೊಳೆದ ಉಪ್ಪು ಚರಂಡಿಗೆ ಹೋಗುತ್ತದೆ. ಕೆಂಪೇಗೌಡ ಬಸ್ ನಿಲ್ದಾಣವಿರುವ ಮೆಜೆಸ್ಟಿಕ್ ಕಡೆಯ ಚರಂಡಿ ಸೇರುವುದು ವೃಷಭಾವತಿ ನದಿಯನ್ನು. ಅದರ ನೀರು ಬೈರಮಂಗಲ ಕೆರೆಯ ಅಚ್ಚುಕಟ್ಟಿನ ಹೊಲಗಳಿಗೆ ಹಾಯುತ್ತದೆ. ಸಾಮಾನ್ಯ ಸಂಸ್ಕರಣಾ ಘಟಕ ಕರಗಿದ ಉಪ್ಪನ್ನು ತೆಗೆಯುವುದಿಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾ ಕಣಿವೆಯಲ್ಲಿ ಇದೇ ಕಾರಣಕ್ಕೆ ಉಪ್ಪು ಬಳಸುವ ಸಾಫ್ಟನರುಗಳನ್ನು ನಿಷೇಧಿಸಲು 2008ರಲ್ಲಿ ಜನ ಮತ ಹಾಕಿದರು. ನಮ್ಮಲ್ಲಿ ಈ ಮಾತು ಇನ್ನೂ ಶುರುವಾಗಿಯೇ ಇಲ್ಲ. ಪೈಪಿಗೆ ಕಟ್ಟುವ ಆಯಸ್ಕಾಂತದ ಸಾಧನಗಳೂ ಮಾರಾಟದಲ್ಲಿವೆ. ಅವುಗಳ ಪರ ಪುರಾವೆ ದುರ್ಬಲ.

ಆರ್‌ಒ ಕ್ಯಾಲ್ಸಿಯಂ, ನೈಟ್ರೇಟ್ ಎರಡನ್ನೂ ತೆಗೆಯುತ್ತದೆ. ಬೋರ್ ನೀರನ್ನೇ ಕುಡಿಯಬೇಕಾದ ಮನೆಗೆ ಅದು ಅಗತ್ಯವಾಗಬಹುದು. ಆದರೆ ಮನೆಬಳಕೆಯ ಯಂತ್ರ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಮೂರು ಲೀಟರ್ ಹೊರಚೆಲ್ಲುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಹೇಳಿತು. ಉದ್ಯಮ ಸುಪ್ರೀಂ ಕೋರ್ಟಿಗೆ ಹೋಯಿತು. ನೂರು ಕಿಲೋಮೀಟರ್ ದೂರದಿಂದ ವಿದ್ಯುತ್ ಸುರಿದು ತಂದ ಮೆದು ಕಾವೇರಿ ನೀರಿನ ಮುಕ್ಕಾಲು ಭಾಗವನ್ನು ಹೀಗೆ ಮೋರಿಗೆ ಬಿಡುವುದನ್ನು ನಾನು ಒಪ್ಪಲಾರೆ.

ಮೂರನೆಯದು ಮಳೆಯ ದಾರಿ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ನೂರು ಚದರ ಮೀಟರ್ ತಾರಸಿಯ ಮೇಲೆ ಬೀಳುವುದು 97,000 ಲೀಟರ್, ಗಡಸುತನ ಇಲ್ಲವೆನ್ನುವಷ್ಟು ಕಡಿಮೆ. 2009ರ ಕಾಯ್ದೆ ತಿದ್ದುಪಡಿ ದೊಡ್ಡ ನಿವೇಶನಗಳಿಗೆ ಮಳೆಕೊಯ್ಲನ್ನು ಕಡ್ಡಾಯ ಮಾಡಿತು. ಮಳೆಯನ್ನು ಸಂಪಿಗೆ ಬಿಟ್ಟರೆ ಬೆರಕೆ ಕೂಡಲೇ ಮೆದುವಾಗುತ್ತದೆ. ಇಂಗುಬಾವಿಗೆ ಬಿಟ್ಟರೆ ಮೇಲ್ಪದರದ ಅಂತರ್ಜಲ ತುಂಬುತ್ತದೆ. ಮಣ್ಣು ವಡ್ಡರು ತಲೆಮಾರುಗಳಿಂದ ತೋಡುತ್ತ ಬಂದ ತೆರೆದ ಬಾವಿಗಳನ್ನು ಮತ್ತೆ ಹೂಳೆತ್ತಿಸುವ ಕೆಲಸ ಕಬ್ಬನ್ ಪಾರ್ಕಿನಲ್ಲಿ ನಡೆದಿದೆ. ಮನೆಯ ಮಟ್ಟಿಗೆ ನನ್ನ ಒಲವು ಇದರತ್ತ: ಕಾವೇರಿಗೆ ಒಂದು ಟ್ಯಾಂಕ್, ಬೋರಿಗೆ ಇನ್ನೊಂದು, ಕೊಳವೆಯೂ ಬೇರೆ, ಮಳೆ ಸಂಪಿಗೆ. ಹಳೆಯ ಕಟ್ಟಡದಲ್ಲಿ ಕೊಳವೆ ಬೇರ್ಪಡಿಸುವುದು ಗೋಡೆ ಒಡೆಯುವ ಕೆಲಸ ಎಂಬುದು ನಿಜ. ಬಾಡಿಗೆಯವರ ಕೈಯಲ್ಲಿ ಅದೂ ಇಲ್ಲ. ಕುಡಿಯುವ, ಅಡುಗೆಯ ನೀರನ್ನಾದರೂ ಕಾವೇರಿ ಬಂದಾಗ ನೇರ ನಲ್ಲಿಯಿಂದ ಹಿಡಿದಿಡಲು ಅವರಿಗೆ ಅವಕಾಶ ಬೇಕು.

## ತೀರ್ಮಾನವಾಗದೆ ಉಳಿದದ್ದು

ನೆದರ್‌ಲೆಂಡ್ಸ್‌ನಲ್ಲಿ ನೀರು ಸರಬರಾಜು ಸಂಸ್ಥೆಗಳೇ ದೊಡ್ಡ ಘಟಕಗಳಲ್ಲಿ ನೀರನ್ನು ಮೆದು ಮಾಡಿ ಕಳಿಸುತ್ತವೆ, ಮನೆಮನೆಗೆ ಯಂತ್ರ ಬೇಕಾಗುವುದಿಲ್ಲ. ಇಲ್ಲಿ ಮಂಡಳಿ ಕಳಿಸುವುದೇ ಮೆದು ನೀರು, ಗಡಸು ಬರುವುದು ಖಾಸಗಿ ಬೋರಿನಿಂದ. ಆಗ ಹೊಣೆ ಯಾರದು? 2024ರ ಬೇಸಿಗೆಯಲ್ಲಿ ನಗರದ ಬೋರ್‌ಗಳು ಸಾಲುಸಾಲಾಗಿ ಬತ್ತಿದವು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಕಾವೇರಿ ಐದನೆಯ ಹಂತ ಮುಖ್ಯವಾಗಿ ಹೊರವಲಯದ 110 ಹಳ್ಳಿಗಳಿಗೆ. ಹಳೆಯ ನಡುನಗರದಲ್ಲಿ ಒಂಟಿ ಮನೆಗಳು ಬಹುಮಹಡಿಯಾಗುತ್ತಲೇ ಇವೆ. ಕಟ್ಟಡದ ಪರವಾನಗಿಗೂ ನೀರಿನ ಗುಣಕ್ಕೂ ನಂಟು ಹಾಕಬೇಕೇ ಎಂಬುದು ನಿರ್ಧಾರವಾಗಿಲ್ಲ.

ಮಳೆ ಇಂಗಿಸಿದರೆ ಅಂತರ್ಜಲ ಮೆದುವಾಗುತ್ತದೆ ಎಂಬ ನಂಬಿಕೆಗೂ ಒಂದು ಅಡ್ಡಿಯಿದೆ. ಅದೇ ಮೇಲ್ಪದರಕ್ಕೆ ಚರಂಡಿಯೂ ಸೋರುತ್ತಿದೆ. ಶೇಷಾದ್ರಿಪುರಂನಂಥ ಶತಮಾನ ಹಳೆಯ ಬಡಾವಣೆಯಲ್ಲಿ ಇಂಗುಬಾವಿ ಗೆಲ್ಲುತ್ತದೆಯೋ, ಒಡೆದ ಚರಂಡಿ ಗೆಲ್ಲುತ್ತದೆಯೋ ಎಂಬುದಕ್ಕೆ ಬೋರ್ ಬೋರಿನ ಗಡಸುತನ ಮತ್ತು ನೈಟ್ರೇಟನ್ನು ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ, ಹಲವು ವರ್ಷ ಜೊತೆಜೊತೆಗೆ ಅಳೆದರೆ ಮಾತ್ರ ಉತ್ತರ ಸಿಗುತ್ತದೆ. ಆ ಅಳತೆಯನ್ನು ಮಂಡಳಿ ಮಾಡಬೇಕೇ, ನಿವಾಸಿಗಳ ಸಂಘ ಮಾಡಬೇಕೇ, ಫಲಿತಾಂಶವನ್ನು ಮನೆ ಬಾಡಿಗೆಗೆ ಕೊಡುವಾಗ ತೋರಿಸಬೇಕೇ? ಮೆಗ್ನೀಸಿಯಂ ಹೃದಯವನ್ನು ಕಾಯುವುದು ನಿಜವಾದರೆ ಕುಡಿಯುವ ನೀರಿನಿಂದ ಅದನ್ನು ಪೂರ್ತಿ ತೆಗೆಯುವ ಯಂತ್ರಗಳ ಬಗ್ಗೆ ಏನು ಹೇಳಬೇಕು? ಸಾಫ್ಟನರುಗಳ ಉಪ್ಪು ಬೈರಮಂಗಲದ ಮಣ್ಣಿನಲ್ಲಿ ಎಷ್ಟು ಸೇರುತ್ತಿದೆ, ಅದರ ಲೆಕ್ಕ ಯಾರ ಬಿಲ್ಲಿಗೆ ಹೋಗಬೇಕು?